ಕ್ರೂಸ್ ಹಡಗಿನಲ್ಲಿ ಕಡಿಮೆ ಅಲುಗಾಡುವ ಕ್ಯಾಬಿನ್ ಯಾವುದು: ಜಾಗಗಳ ಒಂದು ವಿಮರ್ಶೆ

ಕ್ರೂಸ್ ಪ್ರಯಾಣಕ್ಕೆ ಟಿಕೆಟ್ ಕಾಯ್ದಿರಿಸುವಾಗ ಹಡಗಿನ ಕಂಪನಿಗಳು ನಮಗೆ ತೋರಿಸುವುದು ಕ್ಯಾಬಿನ್ನಿನ ಅಳತೆ, ಹಾಸಿಗೆಯ ಚಿತ್ರ, ಬಾಲ್ಕನಿ ಇದೆಯೋ ಇಲ್ಲವೋ ಎಂಬ ವಿವರ ಮತ್ತು ದರ. ಆ ಕ್ಯಾಬಿನ್ ಹಡಗಿನ ಯಾವ ಭಾಗದಲ್ಲಿದೆ, ಕಡಲು ಕೆರಳಿದಾಗ ಅದು ಎಷ್ಟು ಅಲುಗಾಡುತ್ತದೆ ಎಂಬುದನ್ನು ಅವು ತಾವಾಗಿ ಹೇಳುವುದಿಲ್ಲ. ಒಂದೇ ಅಳತೆಯ, ಒಂದೇ ಬಗೆಯ ಪೀಠೋಪಕರಣಗಳಿರುವ ಎರಡು ಕ್ಯಾಬಿನ್‌ಗಳ ಪೈಕಿ ಒಂದರಲ್ಲಿ ಮಲಗಿದವರು ರಾತ್ರಿಯಿಡೀ ನೆಮ್ಮದಿಯಾಗಿ ನಿದ್ರಿಸಬಹುದು; ಇನ್ನೊಂದರಲ್ಲಿರುವವರು ಬೆಳಗಿನವರೆಗೂ ವಾಕರಿಕೆಯಿಂದ ನರಳಬಹುದು. ಕಡಲಬೇನೆಗೆ ಸುಲಭವಾಗಿ ಸಿಕ್ಕುವವರಿಗೆ ಈ ವ್ಯತ್ಯಾಸವೇ ಇಡೀ ಪ್ರಯಾಣದ ವ್ಯತ್ಯಾಸವಾಗಿಬಿಡುತ್ತದೆ. ಆದ್ದರಿಂದ ಇಲ್ಲಿ ಯಾವ ಕಂಪನಿ ಉತ್ತಮ, ಯಾವ ಹಡಗು ಚೆಂದ ಎಂಬ ಚರ್ಚೆಗೆ ಹೋಗದೆ, ಕ್ಯಾಬಿನ್ ಇರುವ ಜಾಗವನ್ನೇ ನಾವು ಹಣ ಕೊಟ್ಟು ಕೊಳ್ಳುವ ಸರಕೆಂದು ಪರಿಗಣಿಸಿ, ಅಲುಗಾಟವೊಂದನ್ನೇ ಅಳತೆಗೋಲಾಗಿಟ್ಟುಕೊಂಡು ಆ ಜಾಗಗಳನ್ನು ತೂಗಿ ನೋಡಿದ್ದೇನೆ. ಮುಂತುದಿಯ ಮೇಲಿನ ಡೆಕ್ (ಹಡಗಿನ ಅಂತಸ್ತು), ಹಿಂತುದಿ, ನಡುವಿನ ಕೆಳ ಡೆಕ್ ಈ ಮೂರೂ ಕಡೆ ತಂಗಿದ ಅನುಭವ ಈ ತೂಕದ ಹಿಂದಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹಡಗಿನ ಉದ್ದದಲ್ಲಿ ನಡುವಿಗೆ ಹತ್ತಿರವಿರುವ, ಎತ್ತರದಲ್ಲಿ ನೀರಿನ ಮಟ್ಟಕ್ಕೆ ಹತ್ತಿರವಿರುವ ಕ್ಯಾಬಿನ್ ಎಲ್ಲಕ್ಕಿಂತ ಕಡಿಮೆ ಅಲುಗಾಡುತ್ತದೆ. ಪ್ರಯಾಣದ ಏಜೆಂಟರು ಸಾಮಾನ್ಯವಾಗಿ ಇದನ್ನು ‘ನಡುವೆ ಮತ್ತು ಕೆಳಗೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ಈ ಎರಡು ಸಲಹೆಗಳ ತೂಕ ಒಂದೇ ಅಲ್ಲ, ಮತ್ತು ಎರಡೂ ಒಟ್ಟಿಗೆ ಸಿಗದಿದ್ದಾಗ ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಡಬೇಕು ಎಂಬುದೇ ನಿಜವಾದ ಪ್ರಶ್ನೆ. ನನ್ನ ಉತ್ತರ ಸ್ಪಷ್ಟವಾಗಿದೆ: ಎತ್ತರವನ್ನು ಬಿಟ್ಟುಕೊಡಬಹುದು, ನಡುವನ್ನು ಬಿಟ್ಟುಕೊಡಬಾರದು. ಈ ಮಾತಿನ ಆಧಾರ ಹಡಗು ಚಲಿಸುವ ರೀತಿಯಲ್ಲಿಯೇ ಇದೆ.

ಅಲೆಗಳ ಮೇಲಿರುವ ಹಡಗು ಆರು ಬಗೆಯಲ್ಲಿ ಚಲಿಸುತ್ತದೆಂದು ನೌಕಾ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಪ್ರಯಾಣಿಕರನ್ನು ಕಾಡುವುದು ಮುಖ್ಯವಾಗಿ ಅವುಗಳಲ್ಲಿ ಮೂರು. ಹಡಗು ಎಡಕ್ಕೂ ಬಲಕ್ಕೂ ವಾಲುವುದು ರೋಲಿಂಗ್. ಮುಂತುದಿ ಏರಿದಾಗ ಹಿಂತುದಿ ಇಳಿಯುವುದು, ಹಿಂತುದಿ ಏರಿದಾಗ ಮುಂತುದಿ ಇಳಿಯುವುದು ಪಿಚಿಂಗ್. ಇಡೀ ಹಡಗು ಒಂದಾಗಿ ಮೇಲಕ್ಕೆದ್ದು ಕೆಳಗಿಳಿಯುವುದು ಹೀವಿಂಗ್. ಈ ಮೂರನೆಯದರಿಂದ ಯಾವ ಕ್ಯಾಬಿನ್ನಿಗೂ ಬಿಡುಗಡೆಯಿಲ್ಲ, ಏಕೆಂದರೆ ಅದು ಹಡಗಿನ ಎಲ್ಲ ಭಾಗಗಳಲ್ಲೂ ಒಂದೇ ಸಮನಾಗಿರುತ್ತದೆ. ಮೊದಲ ಎರಡು ಮಾತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತವೆ. ಆದ್ದರಿಂದ ನಮ್ಮ ಆಯ್ಕೆಗೆ ಅವಕಾಶವಿರುವುದೂ ಅಲ್ಲಿಯೇ.

ಪಿಚಿಂಗ್ ಎಂಬುದು ಏತದ ಮರದ ಚಲನೆಯ ಹಾಗೆ: ತುದಿಗಳು ಆಳುದ್ದ ಏರಿಳಿಯುತ್ತವೆ, ಮರ ಕೂತಿರುವ ಜಾಗ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ಹಡಗಿನಲ್ಲಿ ಆ ಆಧಾರಬಿಂದು ಸಾಮಾನ್ಯವಾಗಿ ಸರಿಮಧ್ಯಕ್ಕಿಂತ ತುಸು ಹಿಂದಕ್ಕೆ ಇರುತ್ತದೆ. 300 ಮೀಟರ್ ಉದ್ದದ ಒಂದು ಹಡಗು ಒಂದೇ ಒಂದು ಡಿಗ್ರಿಯಷ್ಟು ಪಿಚ್ ಆಗುತ್ತಿದೆ ಎಂದಿಟ್ಟುಕೊಳ್ಳಿ. ಆಧಾರಬಿಂದುವಿನಿಂದ 120 ಮೀಟರ್ ಮುಂದಿರುವ ಕ್ಯಾಬಿನ್ ತನ್ನ ಸಹಜ ಮಟ್ಟದಿಂದ ಸುಮಾರು 2.1 ಮೀಟರ್ ಮೇಲಕ್ಕೆ ಹೋಗಿ, ಅಷ್ಟೇ ಕೆಳಕ್ಕೆ ಇಳಿಯುತ್ತದೆ. ಅಂದರೆ ಮೇಲಿನಿಂದ ಕೆಳಗಿನವರೆಗೆ ನಾಲ್ಕು ಮೀಟರಿಗೂ ಮೀರಿದ ಪಯಣ, ಕೆಲವೇ ಸೆಕೆಂಡುಗಳಲ್ಲಿ, ಮತ್ತೆ ಮತ್ತೆ. ಆಧಾರಬಿಂದುವಿನಿಂದ 15 ಮೀಟರ್ ದೂರದಲ್ಲಿರುವ ಕ್ಯಾಬಿನ್ ಅದೇ ಹೊತ್ತಿನಲ್ಲಿ ಮೇಲಕ್ಕೆ 26 ಸೆಂಟಿಮೀಟರ್, ಕೆಳಕ್ಕೆ 26 ಸೆಂಟಿಮೀಟರ್ ಮಾತ್ರ ಚಲಿಸುತ್ತದೆ. ಒಂದೇ ಹಡಗು, ಒಂದೇ ಅಲೆ, ಒಂದೇ ರಾತ್ರಿ. ಅನುಭವದಲ್ಲಿ ಎಂಟು ಪಟ್ಟು ಅಂತರ.

ಈ ಲಂಬ ಚಲನೆಯೇ ಏಕೆ ಮುಖ್ಯ ಎಂದರೆ, ಮನುಷ್ಯನ ಒಳಗಿವಿ ಅದಕ್ಕೇ ಹೆಚ್ಚು ಬೆದರುತ್ತದೆ. ಜೇಮ್ಸ್ ಒ’ಹ್ಯಾನ್ಲನ್ ಮತ್ತು ಮೈಕೇಲ್ ಮೆಕಾಲಿ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲೆ ಕೆಳಗೆ ಚಲಿಸುವ ಕೋಣೆಯಲ್ಲಿ ಜನರನ್ನು ಕೂರಿಸಿ ಪರೀಕ್ಷಿಸಿದಾಗ, ಸುಮಾರು ಐದಾರು ಸೆಕೆಂಡಿಗೆ ಒಂದು ಸುತ್ತಿನಂತೆ ಏರಿಳಿಯುವ ಚಲನೆಯೇ ಅತಿ ಹೆಚ್ಚು ಜನರಿಗೆ ವಾಂತಿ ತರಿಸುತ್ತದೆ ಎಂದು ಕಂಡುಬಂತು. ಕಂಪನಗಳು ದೇಹದ ಮೇಲೆ ಬೀರುವ ಪರಿಣಾಮವನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡದ 1997ರ ಆವೃತ್ತಿಯೂ ಚಲನೆಯ ವಾಕರಿಕೆಯನ್ನು ಲೆಕ್ಕ ಹಾಕುವಾಗ ಲಂಬ ಚಲನೆಯನ್ನಷ್ಟೇ ಪರಿಗಣಿಸುತ್ತದೆ. ದೊಡ್ಡ ಕ್ರೂಸ್ ಹಡಗುಗಳ ರೋಲಿಂಗ್ ನಿಧಾನವಾದುದು. ಒಂದು ಬದಿಯಿಂದ ಇನ್ನೊಂದು ಬದಿಗೆ ವಾಲಿ ಮರಳಲು ಹದಿನೈದು ಇಪ್ಪತ್ತು ಸೆಕೆಂಡುಗಳೇ ಬೇಕಾಗಬಹುದು. ಎದುರಿನಿಂದ ಬರುವ ಅಲೆಗಳಿಗೆ ಮುಖಕೊಟ್ಟು ಸಾಗುವ ಹಡಗಿನ ಪಿಚಿಂಗ್ ಅದಕ್ಕಿಂತ ವೇಗವಾಗಿದ್ದು, ವಾಕರಿಕೆ ತರಿಸುವ ಆ ಲಯಕ್ಕೆ ತೀರ ಹತ್ತಿರ ಬರುತ್ತದೆ.

ಇನ್ನು ರೋಲಿಂಗ್. ಮೂರು ಡಿಗ್ರಿ ವಾಲಿದಾಗ, ಹೊರಳುವ ಅಕ್ಷಕ್ಕಿಂತ 30 ಮೀಟರ್ ಮೇಲಿರುವ ಡೆಕ್ ಪಕ್ಕಕ್ಕೆ ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಸರಿಯುತ್ತದೆ. ಮೂರು ಮೀಟರ್ ಮೇಲಿರುವ ಡೆಕ್ ಸರಿಯುವುದು ಸುಮಾರು 16 ಸೆಂಟಿಮೀಟರ್. ಎತ್ತರದ ಪ್ರಭಾವ ದೊಡ್ಡದೇ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ರೋಲಿಂಗಿಗೆ ಹಡಗಿನ ಬಳಿ ಮದ್ದಿದೆ. ನೀರಿನೊಳಗೆ ಹಡಗಿನ ಎರಡೂ ಬದಿಗಳಿಂದ ಚಾಚಿಕೊಳ್ಳುವ ಸ್ಟೆಬಿಲೈಸರ್ ರೆಕ್ಕೆಗಳು, ಹಡಗು ವಾಲುವುದನ್ನು ಗ್ರಹಿಸಿ ತಮ್ಮ ಕೋನವನ್ನು ಬದಲಿಸುತ್ತಾ, ಒಂದು ಬದಿಯನ್ನು ಮೇಲಕ್ಕೆತ್ತಿ ಇನ್ನೊಂದನ್ನು ಕೆಳಕ್ಕೊತ್ತುವ ಬಲವನ್ನು ಉಂಟುಮಾಡುತ್ತವೆ. ಹಡಗು ಒಳ್ಳೆಯ ವೇಗದಲ್ಲಿ ಸಾಗುತ್ತಿರುವಾಗ ಈ ರೆಕ್ಕೆಗಳು ರೋಲಿಂಗಿನ ಬಹುಪಾಲನ್ನು ಅಡಗಿಸುತ್ತವೆ. ಇವು ಹಡಗುಗಳಿಗೆ ಬಂದ ಕತೆಯೂ ಸಣ್ಣದಲ್ಲ: 1932ರಲ್ಲಿ ಸಂಚಾರ ಆರಂಭಿಸಿದ ಇಟಲಿಯ ‘ಕಾಂಟೆ ದಿ ಸವೋಯಾ’ ಹಡಗಿನ ಒಡಲಲ್ಲಿ ಗೈರೋಸ್ಕೋಪ್ ಎಂಬ, ವೇಗವಾಗಿ ತಿರುಗುವ ಮೂರು ಭಾರಿ ಚಕ್ರಗಳನ್ನು ಕೂರಿಸಿ ಓಲಾಟ ತಡೆಯಲು ಯತ್ನಿಸಲಾಗಿತ್ತು, 1936ರಲ್ಲಿ ಇಂಗ್ಲಿಷ್ ಕಾಲುವೆಯ ‘ಐಲ್ ಆಫ್ ಸಾರ್ಕ್’ ಹಡಗಿಗೆ ಡೆನ್ನಿ-ಬ್ರೌನ್ ಹೆಸರಿನ ಸ್ಟೆಬಿಲೈಸರ್ ರೆಕ್ಕೆಗಳನ್ನು ಜೋಡಿಸಿದ ಮೇಲೆ ಈಗಿನ ಪದ್ಧತಿಗೆ ದಾರಿಯಾಯಿತು. ಅದೇ 1936ರಲ್ಲಿ ಸಂಚಾರ ಆರಂಭಿಸಿ, ಓಲಾಡುವುದರಲ್ಲಿ ಕುಖ್ಯಾತವಾಗಿದ್ದ ‘ಕ್ವೀನ್ ಮೇರಿ’ಗೆ ಸ್ಟೆಬಿಲೈಸರ್ ಬಂದದ್ದು 1958ರಲ್ಲಿ.

ಪಿಚಿಂಗಿಗೆ ಇಂಥ ಮದ್ದಿಲ್ಲ. ನೂರಾರು ಮೀಟರ್ ಉದ್ದದ ಹಡಗಿನ ಮುಂತುದಿಯನ್ನು ಅಲೆ ಮೇಲಕ್ಕೆತ್ತುವ ಬಲದ ಎದುರಿಗೆ ಬದಿಯ ರೆಕ್ಕೆಗಳು ಏನೂ ಅಲ್ಲ. ಹೀಗಾಗಿ ಮೇಲಿನ ಡೆಕ್ಕಿನಲ್ಲಿದ್ದರೂ ನಡುವಿನಲ್ಲಿರುವ ಪ್ರಯಾಣಿಕನ ಕಷ್ಟವನ್ನು ಯಂತ್ರ ಬಹುಮಟ್ಟಿಗೆ ಇಳಿಸುತ್ತದೆ. ಕೆಳಗಿನ ಡೆಕ್ಕಿನಲ್ಲಿದ್ದರೂ ಮುಂತುದಿಯಲ್ಲಿರುವವನ ಕಷ್ಟ ಪೂರ್ತಿ ಅವನ ಪಾಲಿಗೇ ಉಳಿಯುತ್ತದೆ. ನಡುವನ್ನು ಬಿಟ್ಟುಕೊಡಬಾರದು ಎಂದು ನಾನು ಪಟ್ಟು ಹಿಡಿಯಲು ಕಾರಣ ಇದೇ.

ಈಗ ಜಾಗಗಳನ್ನು ಒಂದೊಂದಾಗಿ ನೋಡೋಣ. ಅತ್ಯಂತ ನಿರಾಶಾದಾಯಕವಾದುದು ಮುಂತುದಿಯ ಮೇಲಿನ ಡೆಕ್ಕಿನ ಕ್ಯಾಬಿನ್. ಕಂಪನಿಗಳು ಇಲ್ಲಿ ಸಾಮಾನ್ಯವಾಗಿ ಅಗಲವಾದ ಕಿಟಕಿಗಳ, ನಾವಿಕನ ಕೋಣೆಯಿಂದ ಕಾಣುವಂಥದೇ ನೋಟದ ಕ್ಯಾಬಿನ್‌ಗಳನ್ನು, ಅನೇಕ ವೇಳೆ ಸ್ವೀಟ್ ಎಂಬ ದುಬಾರಿ, ವಿಶಾಲ ವಸತಿಗಳನ್ನೇ, ಇಟ್ಟಿರುತ್ತವೆ. ಶಾಂತ ಸಮುದ್ರದಲ್ಲಿ ಆ ನೋಟಕ್ಕೆ ಸಾಟಿಯಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಗಾಳಿ ಎದ್ದ ರಾತ್ರಿ ಅಲ್ಲಿ ಮಲಗಿದ್ದಾಗ ಮೈ ಹಾಸಿಗೆಯಿಂದ ಹಗುರಾಗಿ ಮೇಲೇಳುವಂತೆಯೂ ಮರುಕ್ಷಣ ಹಾಸಿಗೆಯೊಳಗೆ ಒತ್ತಿಹೋಗುವಂತೆಯೂ ಆಗುತ್ತಿತ್ತು. ಬೀರುವಿನೊಳಗಿನ ಹ್ಯಾಂಗರುಗಳು ಬಡಿದಾಡುವ ಸದ್ದು ನಿಲ್ಲಲೇ ಇಲ್ಲ. ಬೆಳಗ್ಗೆ ನಡುವಿನ ಲಿಫ್ಟಿನ ಬಳಿಯ ಆಸನದಲ್ಲಿ ಕುಳಿತ ಮೇಲೆಯೇ ಹೊಟ್ಟೆ ಸ್ಥಿಮಿತಕ್ಕೆ ಬಂತು, ಹಡಗು ಮಾತ್ರ ಅದೇ ಅಲೆಗಳ ಮೇಲೆಯೇ ಸಾಗುತ್ತಿತ್ತು. ಆ ಕ್ಯಾಬಿನ್ನಿನ ದರ ನಡುವಿನ ಕಿಟಕಿ ಕ್ಯಾಬಿನ್ನಿಗಿಂತ ಎಷ್ಟೋ ಹೆಚ್ಚು ಎಂಬುದನ್ನು ನೆನೆದರೆ, ಕಡಲಬೇನೆ ಇರುವವರಿಗೆ ಇದನ್ನು ನಾನು ಯಾವ ಸಂದರ್ಭದಲ್ಲೂ ಶಿಫಾರಸು ಮಾಡಲಾರೆ.

ಮುಂತುದಿಯ ಕೆಳ ಡೆಕ್ ರೋಲಿಂಗಿನ ದೃಷ್ಟಿಯಿಂದ ಮೇಲು, ಪಿಚಿಂಗಿನ ದೃಷ್ಟಿಯಿಂದ ಅಷ್ಟೇ ಕೆಟ್ಟದ್ದು; ಜೊತೆಗೆ ಅದಕ್ಕೆ ಅದರದೇ ಆದ ಎರಡು ಉಪದ್ರವಗಳಿವೆ. ದೊಡ್ಡ ಅಲೆಯ ಮೇಲಿಂದ ಮೂತಿ ಕೆಳಗಿಳಿದು ನೀರಿಗೆ ಅಪ್ಪಳಿಸಿದಾಗ ಕೇಳುವ ಗುಡುಗಿನಂಥ ಸದ್ದು ಮತ್ತು ಅದರ ಬೆನ್ನಿಗೇ ಉಕ್ಕಿನ ಮೈಯಲ್ಲೆಲ್ಲ ಹರಿಯುವ ನಡುಕ ಒಂದು. ಬಂದರಿಗೆ ಬಂದಾಗ ಹಡಗನ್ನು ಪಕ್ಕಕ್ಕೆ ಸರಿಸುವ ಮುಂದಿನ ಥ್ರಸ್ಟರುಗಳ ಮೊರೆತ ಮತ್ತು ಲಂಗರಿನ ಸರಪಳಿಯ ಗಡಗಡ ಇನ್ನೊಂದು. ಹೆಚ್ಚಿನ ಹಡಗುಗಳು ಬಂದರು ಸೇರುವುದು ಬೆಳಗಿನ ಜಾವದಲ್ಲಿ. ರಾತ್ರಿ ಕಷ್ಟಪಟ್ಟು ಹತ್ತಿದ ನಿದ್ದೆ ಸರಿಯಾಗಿ ಆ ಹೊತ್ತಿಗೆ ಹರಿದುಹೋಗುತ್ತದೆ.

ಹಿಂತುದಿಯನ್ನು ಅನೇಕರು ಮುಂತುದಿಯಷ್ಟೇ ಕೆಟ್ಟದ್ದೆಂದು ತಿಳಿಯುತ್ತಾರೆ. ಅದು ಪೂರ್ತಿ ನಿಜವಲ್ಲ. ಆಧಾರಬಿಂದು ತುಸು ಹಿಂದಕ್ಕಿರುವುದರಿಂದಲೂ, ಕ್ರೂಸ್ ಹಡಗುಗಳ ಹಿಂಭಾಗ ಅಗಲವಾಗಿದ್ದು ಕ್ಯಾಬಿನ್‌ಗಳು ಮುಂತುದಿಯಂತೆ ಚೂಪಾದ ಮೂತಿಯ ಮೇಲೆ ಇರುವುದಿಲ್ಲವಾದ್ದರಿಂದಲೂ, ಇಲ್ಲಿನ ಏರಿಳಿತ ಮುಂತುದಿಗಿಂತ ಸಾಮಾನ್ಯವಾಗಿ ಕಡಿಮೆ. ಆದರೂ ಅದು ನಡುವಿನ ಏರಿಳಿತಕ್ಕಿಂತ ಬಹಳ ಹೆಚ್ಚು. ಇದರೊಂದಿಗೆ ಪ್ರೊಪೆಲರುಗಳ ಕಂಪನ ಸೇರಿಕೊಳ್ಳುತ್ತದೆ. ವೇಗ ಹೆಚ್ಚಿದಾಗ ಮೇಜಿನ ಮೇಲಿನ ಗಾಜಿನ ಲೋಟ ಸಣ್ಣಗೆ ಗುಣುಗುಡುವುದನ್ನು ಗಮನಿಸಬಹುದು. ಈ ಕಂಪನ ವಾಕರಿಕೆ ತರುವ ಬಗೆಯದಲ್ಲ, ನಿದ್ದೆ ಕೆಡಿಸುವ ಬಗೆಯದು, ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿಯೇ ತೂಗಬೇಕು. ಹಿಂಬದಿಯ ಬಾಲ್ಕನಿಯಿಂದ ಹಡಗು ಬಿಟ್ಟುಹೋಗುವ ನೊರೆಯ ಹಾದಿಯನ್ನು ನೋಡುತ್ತಾ ಕೂರುವುದನ್ನು ಬಹಳ ಇಷ್ಟಪಡುವವರು, ಶಾಂತ ಸಮುದ್ರದ ಮಾರ್ಗವನ್ನು ಆರಿಸಿಕೊಂಡಿದ್ದರೆ, ಇಲ್ಲಿ ಉಳಿಯಬಹುದು.

ನಡುವಿನ ಕ್ಯಾಬಿನ್‌ಗಳಲ್ಲಿ ಆಯ್ಕೆಯ ವಿಸ್ತಾರ ಹೆಚ್ಚು, ಆದ್ದರಿಂದ ಯೋಚನೆಯೂ ಹೆಚ್ಚು ಬೇಕು. ಅಲುಗಾಟವೊಂದನ್ನೇ ನೋಡಿದರೆ ನಡುವಿನ ಕೆಳ ಡೆಕ್ಕಿನ ಒಳಗಿನ ಕ್ಯಾಬಿನ್, ಅಂದರೆ ಕಿಟಕಿಯಿಲ್ಲದ, ಹಡಗಿನ ಮಧ್ಯರೇಖೆಗೆ ಹತ್ತಿರವಿರುವ ಕ್ಯಾಬಿನ್, ಮೊದಲ ಸ್ಥಾನ ಪಡೆಯುತ್ತದೆ. ಹಡಗು ಮೂರು ಡಿಗ್ರಿ ವಾಲಿದಾಗ ಮಧ್ಯರೇಖೆಯಿಂದ 17 ಮೀಟರ್ ದೂರದ ಹೊರಬದಿಯ ಕ್ಯಾಬಿನ್ ಸುಮಾರು 90 ಸೆಂಟಿಮೀಟರ್ ಏರುತ್ತದೆ ಅಥವಾ ಇಳಿಯುತ್ತದೆ. ಆರು ಮೀಟರ್ ದೂರದ ಒಳಗಿನ ಕ್ಯಾಬಿನ್ನಿನಲ್ಲಿ ಅದು 31 ಸೆಂಟಿಮೀಟರಿಗೆ ಇಳಿಯುತ್ತದೆ. ದರದ ಪಟ್ಟಿಯಲ್ಲಿ ಕೆಳಗಿನ ಸಾಲಿನಲ್ಲಿರುವ ಕ್ಯಾಬಿನ್ ಭೌತಶಾಸ್ತ್ರದ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿದೆ. ಕೈಯಲ್ಲಿ ಹಣ ಕಡಿಮೆಯಿರುವ, ಕಡಲಬೇನೆಯ ಭಯವೂ ಇರುವ ಪ್ರಯಾಣಿಕರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ಆದರೂ ಒಳಗಿನ ಕ್ಯಾಬಿನ್ನನ್ನು ನಾನು ಎಲ್ಲರಿಗೂ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಕಡಲಬೇನೆ ಹುಟ್ಟುವುದು ಕಣ್ಣು ಮತ್ತು ಒಳಗಿವಿ ಮಿದುಳಿಗೆ ಪರಸ್ಪರ ಒಪ್ಪದ ಸಂದೇಶಗಳನ್ನು ಕಳಿಸಿದಾಗ: ಗೋಡೆಗಳು ನಿಂತಿವೆ ಎಂದು ಕಣ್ಣು ಹೇಳುತ್ತದೆ, ಮೈ ಏರಿಳಿಯುತ್ತಿದೆ ಎಂದು ಕಿವಿ ಹೇಳುತ್ತದೆ. ಹೊರಗೆ ಅಲುಗದೆ ನಿಂತಿರುವ ದಿಗಂತದ ಗೆರೆಯನ್ನು ನೋಡಿದಾಗ ಎರಡೂ ಸಂದೇಶಗಳು ಕೂಡಿಬರುತ್ತವೆ, ವಾಕರಿಕೆ ಎಷ್ಟೋ ಜನರಲ್ಲಿ ತಗ್ಗುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಹಗಲು ಹೊತ್ತು ಕುಳಿತಿರುವವರಿಗೆ ಈ ನೆರವು ಸಿಗುವುದಿಲ್ಲ. ಕಣ್ಣು ಮುಚ್ಚಿ ಅಂಗಾತ ಮಲಗಿದರೆ ಈ ತಿಕ್ಕಾಟವೇ ಕಡಿಮೆಯಾಗುವುದರಿಂದ, ಕ್ಯಾಬಿನ್ನನ್ನು ಕೇವಲ ಮಲಗಲು ಬಳಸಿ ಉಳಿದ ಹೊತ್ತನ್ನು ತೆರೆದ ಡೆಕ್ಕಿನಲ್ಲಿ ಕಳೆಯುವವರಿಗೆ ಒಳಗಿನ ಕ್ಯಾಬಿನ್ ಸಾಕು. ಹಗಲಲ್ಲೂ ಕ್ಯಾಬಿನ್ನಿನಲ್ಲೇ ವಿಶ್ರಾಂತಿ ಪಡೆಯಬೇಕಾದ ಹಿರಿಯರಿಗೆ ಅದು ತಕ್ಕುದಲ್ಲ. 2011ರ ‘ಡಿಸ್ನಿ ಡ್ರೀಮ್’ ಹಡಗಿನಿಂದ ಮೊದಲ್ಗೊಂಡು ಕೆಲವು ಹಡಗುಗಳ ಒಳ ಕ್ಯಾಬಿನ್‌ಗಳಲ್ಲಿ ಹೊರಗಿನ ಕಡಲನ್ನು ಕ್ಯಾಮೆರಾದ ಮೂಲಕ ತೋರಿಸುವ ಪರದೆಗಳು ಬಂದಿವೆ. ಕತ್ತಲ ಕೋಣೆಗೆ ಅವು ಬೆಳಕು ತರುತ್ತವೆ, ಮಕ್ಕಳಿಗೆ ಬಹಳ ಸಂತೋಷ ಕೊಡುತ್ತವೆ. ಕಡಲಬೇನೆಯ ಮಟ್ಟಿಗೆ ಮಾತ್ರ ನಾನು ನಿಜವಾದ ಕಿಟಕಿಯನ್ನೇ ನಂಬುತ್ತೇನೆ.

ಈ ಕಾರಣದಿಂದ ನನ್ನ ಮೊದಲ ಆಯ್ಕೆ ನಡುವಿನ ಕೆಳ ಡೆಕ್ಕಿನ ಕಿಟಕಿಯಿರುವ ಕ್ಯಾಬಿನ್. ಅಲ್ಲಿ ಉಳಿದುಕೊಂಡಾಗ, ಊಟದ ಸಭಾಂಗಣದಲ್ಲಿ ತಟ್ಟೆಗಳು ಜಾರುತ್ತಿದ್ದ ಸಂಜೆಯೂ ಕ್ಯಾಬಿನ್ನಿಗೆ ಬಂದು ಪುಸ್ತಕ ಓದಲು ಸಾಧ್ಯವಾಯಿತು. ದುಂಡು ಕಿಟಕಿಯ ಗಾಜಿನಾಚೆ ನೀರು ಅಷ್ಟು ಹತ್ತಿರದಲ್ಲಿ ಹರಿದುಹೋಗುವುದು ಕೆಲವರಿಗೆ ಅಳುಕು ಹುಟ್ಟಿಸಬಹುದು, ಮತ್ತು ಆ ಕಿಟಕಿ ತೆರೆಯುವಂಥದಲ್ಲ ಎಂಬುದೂ ಗೊತ್ತಿರಬೇಕು. ತಾಜಾ ಗಾಳಿ ಬೇಕೇ ಬೇಕೆನ್ನುವವರು ನಡುವಿನಲ್ಲಿಯೇ ಬಾಲ್ಕನಿ ಆರಂಭವಾಗುವ ಅತ್ಯಂತ ಕೆಳಗಿನ ಡೆಕ್ಕನ್ನು ಹುಡುಕಬೇಕು. ಅನೇಕ ಹಡಗುಗಳಲ್ಲಿ ಆ ಮಟ್ಟದಲ್ಲಿಯೇ ರಕ್ಷಣಾ ದೋಣಿಗಳು ತೂಗುಬಿದ್ದಿರುತ್ತವೆ, ಅವುಗಳ ಹಿಂದಿನ ಕ್ಯಾಬಿನ್‌ಗಳ ನೋಟ ಅರ್ಧ ಮರೆಯಾಗಿರುತ್ತದೆ, ಅದರಿಂದಾಗಿ ದರವೂ ಇಳಿದಿರುತ್ತದೆ. ದೋಣಿಯ ಮೇಲಂಚಿನಾಚೆ ದಿಗಂತದ ಗೆರೆ ಕಾಣುವುದಾದರೆ ಅಂಥ ಕ್ಯಾಬಿನ್ನನ್ನು ಕಣ್ಣುಮುಚ್ಚಿ ಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ಈ ವಿಮರ್ಶೆಯಲ್ಲಿ ಬರುವ ಎಲ್ಲ ಜಾಗಗಳ ಪೈಕಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ನೆಮ್ಮದಿ ಸಿಗುವುದು ಇಲ್ಲಿಯೇ.

ನಡುವಿನ ಬೆಲೆ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಹಾಯಿ ಹಡಗುಗಳ ಪದ್ಧತಿಯಂತೆ ಉಗಿಹಡಗುಗಳಲ್ಲೂ ಗಣ್ಯರ ಕೋಣೆಗಳು ಹಿಂಭಾಗದಲ್ಲಿರುತ್ತಿದ್ದ ಕಾಲದಲ್ಲಿ, ವೈಟ್ ಸ್ಟಾರ್ ಲೈನ್ ಎಂಬ ಹಡಗು ಕಂಪನಿ ತನ್ನ ‘ಓಷಿಯಾನಿಕ್’ ಹಡಗಿನಲ್ಲಿ, 1871ರ ಮೊದಲ ಯಾನದ ಹೊತ್ತಿಗೆ, ಮೊದಲ ದರ್ಜೆಯ ಕ್ಯಾಬಿನ್‌ಗಳನ್ನು ನಡುವಿಗೆ ತಂದಿತು. 1912ರ ‘ಟೈಟಾನಿಕ್’ನಲ್ಲಿಯೂ ಮೊದಲ ದರ್ಜೆ ನಡುವಿನಲ್ಲಿತ್ತು, ಮೂರನೆಯ ದರ್ಜೆಯವರ ಕೋಣೆಗಳು ಬಹುತೇಕ ಎರಡು ತುದಿಗಳಲ್ಲಿದ್ದವು. ಹೆಚ್ಚು ಹಣ ಕೊಟ್ಟವರು ಕಡಿಮೆ ಅಲುಗಾಟವನ್ನು ಕೊಳ್ಳುತ್ತಿದ್ದರು. ಇಂದು ದರ ಏರುವುದು ಎತ್ತರ ಮತ್ತು ನೋಟದ ಲೆಕ್ಕದಲ್ಲಿ. ಕೆಳ ಡೆಕ್ಕಿನ ನಡುವಿನ ಕ್ಯಾಬಿನ್‌ಗಳು ಅಗ್ಗವಾಗಿ ಉಳಿದಿವೆ. ಅಲುಗಾಟವನ್ನು ಯಂತ್ರದಿಂದಲೇ ಗೆಲ್ಲಲು ಹೊರಟವರೂ ಇದ್ದರು. ತಾನೇ ಕಡಲಬೇನೆಯಿಂದ ಬಹಳ ನರಳಿದ್ದ ಉಕ್ಕಿನ ಎಂಜಿನಿಯರ್ ಹೆನ್ರಿ ಬೆಸ್ಸೆಮರ್, ಹಡಗು ಎಷ್ಟೇ ವಾಲಿದರೂ ಸಮತಟ್ಟಾಗಿ ಉಳಿಯುವಂತೆ ತೂಗುಹಾಕಿದ ಸಭಾಂಗಣವುಳ್ಳ ಹಡಗೊಂದನ್ನು ಕಟ್ಟಿಸಿದರು; 1875ರಲ್ಲಿ ಅದು ಕ್ಯಾಲೆ ಬಂದರಿನ ಕಟ್ಟೆಗೆ ಡಿಕ್ಕಿ ಹೊಡೆಯಿತು, ಆ ಪ್ರಯೋಗ ಅಲ್ಲಿಗೇ ಮುಗಿಯಿತು. ತೂಗುವ ಕೋಣೆಯ ಆಸೆ ಮುಗಿದ ಮೇಲೂ ಆಧಾರಬಿಂದುವಿನ ಬಳಿಯ ಕೋಣೆ ಇದ್ದಲ್ಲೇ ಇದೆ.

ಜಾಗದ ಮಾತು ಎಷ್ಟು ಮುಖ್ಯವಾಗುತ್ತದೆ ಎಂಬುದು ಹಡಗಿನ ಉದ್ದ ಮತ್ತು ಕಡಲಿನ ಅಲೆಗಳ ಉದ್ದ ಇವೆರಡರ ಸಂಬಂಧವನ್ನು ಅವಲಂಬಿಸಿದೆ. ಆಳವಾದ ನೀರಿನಲ್ಲಿ ಎಂಟು ಸೆಕೆಂಡಿಗೊಮ್ಮೆ ಬರುವ ಅಲೆಗಳ ನಡುವಿನ ಅಂತರ ಸುಮಾರು 100 ಮೀಟರ್. ಹತ್ತು ಸೆಕೆಂಡಿನ ಅಲೆಗಳದ್ದು 156 ಮೀಟರ್. ಹದಿನೈದು ಸೆಕೆಂಡಿನದ್ದು 350 ಮೀಟರ್. 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಸುಮಾರು 365 ಮೀಟರ್ ಉದ್ದವಿದೆ. ಎಂಟು ಸೆಕೆಂಡಿನ ಅಲೆಗಳ ಮೂರು ನಾಲ್ಕು ಶಿಖರಗಳು ಅದರ ಕೆಳಗೆ ಒಂದೇ ಸಲ ಹಾಯುತ್ತವೆ, ಒಂದರ ಎತ್ತುವಿಕೆಯನ್ನು ಇನ್ನೊಂದರ ಇಳಿಕೆ ಸರಿದೂಗಿಸುತ್ತದೆ, ಮುಂತುದಿಯಲ್ಲಿರುವವರಿಗೂ ಹೆಚ್ಚೇನೂ ತಿಳಿಯುವುದಿಲ್ಲ. ದೂರದ ಬಿರುಗಾಳಿಯೊಂದು ಎಬ್ಬಿಸಿದ ದೀರ್ಘ ಅಲೆಗಳು ಬಂದಾಗ ಮಾತ್ರ ಅಂಥ ದೈತ್ಯವೂ ತೂಗತೊಡಗುತ್ತದೆ. ಹಡಗು ದೊಡ್ಡದೆಂಬ ಧೈರ್ಯದಿಂದ ಮುಂತುದಿಯ ಕ್ಯಾಬಿನ್ನನ್ನು ಆರಿಸಿಕೊಳ್ಳುವವರು ಇದನ್ನು ಮರೆಯಬಾರದು. ಉದ್ದ ಹೆಚ್ಚಾದಷ್ಟೂ ತುದಿ ಆಧಾರಬಿಂದುವಿನಿಂದ ದೂರ ಹೋಗುತ್ತದೆ.

ನೂರು ಮೀಟರ್ ಆಸುಪಾಸಿನ ಧ್ರುವಯಾತ್ರೆಯ ಹಡಗುಗಳ ಸಂಗತಿ ಬೇರೆ. ಎಂಟು ಸೆಕೆಂಡಿನ ಸಾಮಾನ್ಯ ಅಲೆಯೇ ಅವುಗಳ ಉದ್ದಕ್ಕೆ ಸರಿಯಾಗಿ ಹೊಂದಿಕೊಂಡು, ಶಿಖರವನ್ನು ಹತ್ತಿ ಕಣಿವೆಗಿಳಿಯುವಂತೆ ಮಾಡುತ್ತದೆ. ದಕ್ಷಿಣ ಅಮೆರಿಕದ ಕೇಪ್ ಹಾರ್ನ್ ಮತ್ತು ಸೌತ್ ಶೆಟ್ಲೆಂಡ್ ದ್ವೀಪಗಳ ನಡುವಿನ ಡ್ರೇಕ್ ಪ್ಯಾಸೇಜ್ ಸುಮಾರು 800 ಕಿಲೋಮೀಟರ್ ಅಗಲವಿದ್ದು, ಅಂಟಾರ್ಕ್ಟಿಕಾಕ್ಕೆ ಹೋಗುವ ಹಡಗುಗಳು ಅದನ್ನು ದಾಟಲು ಸಾಮಾನ್ಯವಾಗಿ ಎರಡು ದಿನ ಹಿಡಿಯುತ್ತವೆ. ಅಲ್ಲಿಗೆ ಹೋಗುವವರು ಸ್ವೀಟ್, ಬಾಲ್ಕನಿ, ನೋಟ ಎಲ್ಲವನ್ನೂ ಬದಿಗಿಟ್ಟು ನಡುವಿನ ಕೆಳ ಡೆಕ್ಕನ್ನೇ ಹಿಡಿಯಬೇಕು. 2019ರ ‘ಗ್ರೆಗ್ ಮಾರ್ಟಿಮರ್’ ಹಡಗಿಗೆ ಹಿಂದಕ್ಕೆ ಬಾಗಿದ ಎಕ್ಸ್-ಬೋ ಎಂಬ ಮೂತಿಯನ್ನು ಕೊಡಲಾಗಿದೆ. ಅಲೆಯನ್ನು ಅಪ್ಪಳಿಸದೆ ಮೃದುವಾಗಿ ಸೀಳಿಕೊಂಡು ಹೋಗುವುದು ಅದರ ಉದ್ದೇಶ. ಮೂತಿಯ ಬಡಿತವನ್ನು ತಗ್ಗಿಸಲು ಅದು ಒಳ್ಳೆಯ ಉಪಾಯವೇ ಆದರೂ, ಕ್ಯಾಬಿನ್ ಆರಿಸುವ ನಿಯಮವನ್ನು ಅದು ಬದಲಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ ಅಲಾಸ್ಕಾದ ಇನ್‌ಸೈಡ್ ಪ್ಯಾಸೇಜ್, ನಾರ್ವೆಯ ಫ್ಯೋರ್ಡುಗಳಂಥ ಮರೆಯ ನೀರಿನ ಮಾರ್ಗಗಳಲ್ಲಿ ಬಹುಪಾಲು ಹೊತ್ತು ಯಾವ ಕ್ಯಾಬಿನ್ನಾದರೂ ನಡೆಯುತ್ತದೆ. ಚಳಿಗಾಲದ ಉತ್ತರ ಅಟ್ಲಾಂಟಿಕ್ ಮತ್ತು ಬಿಸ್ಕೆ ಕೊಲ್ಲಿಯಲ್ಲಿ ಹಾಗಲ್ಲ.

ಡೆಕ್ಕಿನ ನಕ್ಷೆಯನ್ನು ಓದುವ ಬಗೆ ಹೇಳದೆ ಈ ವಿಮರ್ಶೆ ಪೂರ್ಣವಾಗದು. ‘ಮಿಡ್‌ಶಿಪ್’ ಎಂದು ಕಂಪನಿ ಹೆಸರಿಟ್ಟ ಶ್ರೇಣಿಯನ್ನು ಅಷ್ಟಕ್ಕೇ ನಂಬಬಾರದು. ಮಾರಾಟದ ಅನುಕೂಲಕ್ಕಾಗಿ ಆ ಹೆಸರು ಬಹಳ ಅಗಲವಾಗಿ ಹರಡಿಕೊಂಡಿರಬಹುದು. ನಕ್ಷೆಯಲ್ಲಿ ಕ್ಯಾಬಿನ್‌ಗಳ ಸಾಲನ್ನು ಮಾತ್ರ ನೋಡದೆ ಹಡಗಿನ ಇಡೀ ಉದ್ದವನ್ನು ಅಳೆದು, ಸರಿಮಧ್ಯವನ್ನು ಗುರುತಿಸಿ, ಅಲ್ಲಿಂದ ತುಸು ಹಿಂದಕ್ಕೆ ಇರುವ ಕ್ಯಾಬಿನ್‌ಗಳನ್ನು ನೋಡಬೇಕು. ಕೆಲವು ಡೆಕ್‌ಗಳಲ್ಲಿ ಮುಂಭಾಗದ ರಂಗಮಂದಿರ ಅಥವಾ ಹಿಂಭಾಗದ ಊಟದ ಸಭಾಂಗಣ ಜಾಗವನ್ನು ಆಕ್ರಮಿಸಿರುವುದರಿಂದ, ಕ್ಯಾಬಿನ್‌ಗಳ ಸಾಲಿನ ನಡು ಮತ್ತು ಹಡಗಿನ ನಡು ಬೇರೆಬೇರೆ ಕಡೆ ಬೀಳುತ್ತವೆ. ಕ್ಯಾಬಿನ್ ಸಂಖ್ಯೆ ಯಾವ ತುದಿಯಿಂದ ಏರುತ್ತದೆ, ಸರಿಸಂಖ್ಯೆಗಳು ಯಾವ ಬದಿಗಿವೆ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ಒಂದು ಹಡಗಿನಲ್ಲಿ ಹಿಡಿಸಿದ ಸಂಖ್ಯೆಯನ್ನು ಇನ್ನೊಂದರಲ್ಲಿ ಕೇಳುವುದರಲ್ಲಿ ಅರ್ಥವಿಲ್ಲ. ಆರಿಸಿದ ಕ್ಯಾಬಿನ್ನಿನ ಮೇಲಿನ ಮತ್ತು ಕೆಳಗಿನ ಡೆಕ್ಕುಗಳ ನಕ್ಷೆಯನ್ನೂ ಇಟ್ಟು ನೋಡಬೇಕು: ಕೆಳ ಡೆಕ್ಕಿನ ನಡುವಿನಲ್ಲಿ ಮೇಲ್ಗಡೆ ನೃತ್ಯದ ಸಭಾಂಗಣವೋ ಅಡುಗೆಮನೆಯೋ ಇರುವುದುಂಟು. ಮೇಲೆಯೂ ಕೆಳಗೆಯೂ ಕ್ಯಾಬಿನ್‌ಗಳೇ ಇರುವ ಡೆಕ್ ಸಿಕ್ಕಿದರೆ, ಅದು ಒಂದು ಅಂತಸ್ತು ಮೇಲಾದರೂ ನಾನು ಅದನ್ನೇ ಆರಿಸುತ್ತೇನೆ; ನಿದ್ದೆ ಕೆಟ್ಟ ದೇಹಕ್ಕೆ ಸಣ್ಣ ಅಲುಗಾಟವೂ ದೊಡ್ಡದಾಗಿ ತೋರುತ್ತದೆ.

ಕ್ಯಾಬಿನ್ ಎಷ್ಟೇ ಒಳ್ಳೆಯದಾದರೂ ಹೀವಿಂಗ್ ಉಳಿದೇ ಇರುವುದರಿಂದ, ತೀವ್ರವಾಗಿ ನರಳುವವರು ಔಷಧವನ್ನೂ ಜೊತೆಗಿಟ್ಟುಕೊಳ್ಳಬೇಕು. ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್ ಮಾತ್ರೆಗಳು ವಾಕರಿಕೆ ಶುರುವಾಗುವ ಮುನ್ನ ತೆಗೆದುಕೊಂಡರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ, ಮತ್ತು ಮಂಪರು ತರುತ್ತವೆ. ಕಿವಿಯ ಹಿಂದೆ ಅಂಟಿಸುವ ಸ್ಕೊಪಾಲಮಿನ್ ಪಟ್ಟಿಯನ್ನು ಕನಿಷ್ಠ ನಾಲ್ಕು ಗಂಟೆ ಮೊದಲು ಅಂಟಿಸಬೇಕು, ಅದು ಮೂರು ದಿನ ಕೆಲಸ ಮಾಡುತ್ತದೆ. ಕೆಲವು ಬಗೆಯ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ಅದು ಅಪಾಯಕಾರಿ. ವೈದ್ಯರನ್ನು ಕೇಳದೆ ಯಾವುದನ್ನೂ ಬಳಸಬಾರದು. ಹೆಚ್ಚಿನವರ ದೇಹ ಎರಡು ಮೂರು ದಿನಗಳಲ್ಲಿ ಕಡಲಿಗೆ ಒಗ್ಗಿಕೊಳ್ಳುತ್ತದೆ. ಸರಿಯಾದ ಜಾಗದ ಕ್ಯಾಬಿನ್ ಆ ಮೊದಲ ದಿನಗಳನ್ನು ಸಹನೀಯವಾಗಿಸುತ್ತದೆ.

ಇಷ್ಟೆಲ್ಲ ಯೋಚಿಸಿ ಆರಿಸಿದ ಜಾಗ ಕೈತಪ್ಪುವ ಎರಡು ದಾರಿಗಳಿವೆ. ಮೊದಲನೆಯದು ‘ಗ್ಯಾರಂಟಿ’ ದರ. ಇದರಲ್ಲಿ ಕ್ಯಾಬಿನ್ನಿನ ಬಗೆಯನ್ನಷ್ಟೇ ನಾವು ಕೊಳ್ಳುತ್ತೇವೆ, ಸಂಖ್ಯೆಯನ್ನು ಕಂಪನಿ ತನ್ನಿಷ್ಟದಂತೆ ಕೊಡುತ್ತದೆ. ದರ ಕಡಿಮೆಯಾದರೂ, ಇತರರು ಬೇಡವೆಂದು ಬಿಟ್ಟ ತುದಿಯ ಕ್ಯಾಬಿನ್ ಬರುವ ಸಾಧ್ಯತೆ ತೀರ ಹೆಚ್ಚು. ಕಡಲಬೇನೆ ಇರುವವರು ಈ ಉಳಿತಾಯಕ್ಕೆ ಕೈ ಹಾಕದಿರುವುದೇ ಮೇಲು. ಎರಡನೆಯದು ಉಚಿತ ಅಪ್‌ಗ್ರೇಡ್. ಕಂಪನಿ ಅದನ್ನು ಉಡುಗೊರೆಯೆಂಬಂತೆ ಕೊಡುತ್ತದೆ, ಮತ್ತು ಹೆಚ್ಚಿನವರಿಗೆ ಅದು ಉಡುಗೊರೆಯೇ. ಆದರೆ ನಡುವಿನ ಕೆಳ ಡೆಕ್ಕಿನ ಕಿಟಕಿಯಿಂದ ಮುಂತುದಿಯ ಮೇಲಿನ ಡೆಕ್ಕಿನ ಬಾಲ್ಕನಿಗೆ ‘ಏರಿಸಿದ’ ಪ್ರಯಾಣಿಕ ಅಲುಗಾಟದ ಲೆಕ್ಕದಲ್ಲಿ ಪಾತಾಳಕ್ಕೆ ಇಳಿದಿರುತ್ತಾನೆ. ಕಾಯ್ದಿರಿಸುವಾಗಲೇ ತನ್ನ ಕ್ಯಾಬಿನ್ ಸಂಖ್ಯೆಯನ್ನು ಬದಲಿಸಕೂಡದು, ಅಪ್‌ಗ್ರೇಡ್ ಬೇಡ ಎಂದು ಬರಹದಲ್ಲಿ ತಿಳಿಸಿ, ದೃಢೀಕರಣದ ಪತ್ರದಲ್ಲಿ ಆ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು. ಹಡಗು ಹೊರಡುವ ಕೆಲವು ದಿನಗಳ ಮುಂಚೆ ಇನ್ನೊಮ್ಮೆ ಪರಿಶೀಲಿಸಬೇಕು, ಏಕೆಂದರೆ ಬದಲಾವಣೆಗಳು ಹೆಚ್ಚಾಗಿ ನಡೆಯುವುದು ಆ ದಿನಗಳಲ್ಲಿಯೇ, ಮತ್ತು ಹಡಗು ಭರ್ತಿಯಾದ ಮೇಲೆ ನಡುವಿನ ಕ್ಯಾಬಿನ್ನಿಗೆ ಮರಳಲು ದಾರಿಯಿರುವುದಿಲ್ಲ.